ಹೊಳೆ ದಂಡೆಯಲ್ಲಿ ಟೆಂಟ್: ಹೊರಡುವ ಮುನ್ನ ಒಂದಿಷ್ಟು ಮಾತು

ರಜೆ ಸಿಕ್ಕಿತೆಂದರೆ ಶಿವಮೊಗ್ಗ, ಭದ್ರಾವತಿಯ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಒಂದೇ ದಾರಿ: ಘಟ್ಟ ಇಳಿದು ಕರಾವಳಿಯ ನೆಂಟರ ಮನೆ. ಈಗ ಹುಡುಗರದ್ದು ಹೊಸ ಬೇಡಿಕೆ. 'ಉಮ್ಮಾ, ಟೆಂಟ್ ಹಾಕಿ ಮಲಗೋಕೆ ಹೋಗ್ತೀವಿ.' ಉಮ್ಮನ ಎದೆ ಡವಡವ. ಬೇಡ ಅನ್ನುವ ಮೊದಲು ಎಲ್ಲಿಗೆ, ಯಾರ ಜೊತೆ ಅಂತ ಕೇಳೋದು ಒಳ್ಳೇದು.

ಜಾಗಗಳಿಗೆ ಬರವಿಲ್ಲ. ಸಾಗರ ತಾಲೂಕಿನ ಹೊನ್ನೆಮರಡುವಿನಲ್ಲಿ ಲಿಂಗನಮಕ್ಕಿ ಹಿನ್ನೀರಿನ ದಂಡೆಯಲ್ಲಿ ಟೆಂಟ್, ತೆಪ್ಪ, ದೋಣಿ ಎಲ್ಲವೂ ಉಂಟು. ಜೋಗದ ಹತ್ತಿರ ತಳಕಳಲೆ ಹಿನ್ನೀರಿನಲ್ಲಿ ಜಂಗಲ್ ಲಾಡ್ಜಸ್‌ನ ಶಿಬಿರವಿದೆ. ಅಲ್ಲಿಂದ ಶರಾವತಿ 830 ಅಡಿ ಧುಮುಕುವ ಕಣಿವೆ ಹತ್ತಿರವೇ. ಭದ್ರಾವತಿಯವರಿಗೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಪಕ್ಕದ್ದೇ. ಆದರೆ ಅದರಾಚೆಯ ಕಾಡು 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ನಮ್ಮಿಷ್ಟದಂತೆ ಟೆಂಟ್ ಹಾಕುವಂತಿಲ್ಲ, ಒಲೆ ಹೊತ್ತಿಸುವಂತಿಲ್ಲ. ಪುಟ್ಟ ಮಕ್ಕಳಿದ್ದರೆ ಬೆಳಿಗ್ಗೆ ಸಕ್ರೆಬೈಲಿನ ಆನೆ ಸ್ನಾನ, ಆಮೇಲೆ ತುಂಗಾ-ಭದ್ರಾ ಕೂಡುವ ಕೂಡ್ಲಿ ನೋಡಿ ಸಂಜೆಗೆ ಮನೆ ಸೇರಬಹುದು.

ಇನ್ನು ನೀರಿನ ಮಾತು. ಕಾಡಿನ ಪ್ರಾಣಿಗಿಂತ ಹೆಚ್ಚು ಹೆದರಬೇಕಾದ್ದು ಹೊಳೆಗೇ. ಗಾಜನೂರಿನ ತುಂಗಾ ಅಣೆಕಟ್ಟು ತುಂಬಿ ಗೇಟು ತೆಗೆದರೆ ಕೆಳಗೆ ನೀರು ನೋಡನೋಡುತ್ತಲೇ ಏರುತ್ತೆ. ಇಲ್ಲಿ ಬಿಸಿಲಿದ್ದರೂ ಮೇಲೆ ಘಟ್ಟದಲ್ಲಿ ಮಳೆ ಸುರಿದಿರಬಹುದು. ಹಾಗಾಗಿ ಅಣೆಕಟ್ಟಿನ ಕೆಳಗಿನ ಹೊಳೆ ನಡುವಿನ ಬಂಡೆ ಮೇಲೆ ಬುತ್ತಿ ಬಿಚ್ಚಬೇಡಿ, ಟೆಂಟಂತೂ ಬೇಡವೇ ಬೇಡ. ಪಾಚಿ ಹಿಡಿದ ಬಂಡೆ ಮೇಲೆ ಸೆಲ್ಫಿಗೆ ನಿಲ್ಲೋದೂ ಬೇಡ. ಈಜು ಬಂದರೂ ಲೈಫ್ ಜಾಕೆಟ್ ಇಲ್ಲದೆ ದೋಣಿ ಹತ್ತಬೇಡಿ.

ಒಬ್ಬ ಮುಳುಗುತ್ತಿದ್ದರೆ ಉಳಿದವರು ಹಿಂದೆ ಮುಂದೆ ನೋಡದೆ ಹಾರುತ್ತಾರೆ. ಒಂದು ಜೀವ ಹೋಗುವಲ್ಲಿ ಎರಡು ಮೂರು ಹೋಗೋದು ಹೀಗೇ. ಹಾರಬೇಡಿ. ದಡದಲ್ಲೇ ನಿಂತು ಹಗ್ಗ, ದುಪಟ್ಟಾ, ಉದ್ದನೆಯ ಕೋಲು ಚಾಚಿ. ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ. ಕೂಗಿ ಜನ ಸೇರಿಸಿ, 112ಕ್ಕೆ ಕರೆ ಮಾಡಿ. ಇದನ್ನು ಮನೆಯಲ್ಲೇ ಮಕ್ಕಳಿಗೆ ಹೇಳಿಕೊಡಿ.

ಹೋಗುವ ಜಾಗ, ವಾಪಸ್ ಬರುವ ಹೊತ್ತು ಮನೆಯವರಿಗೆ ತಿಳಿದಿರಲಿ. ಕಣಿವೆಯಲ್ಲಿ ಎಲ್ಲ ಕಡೆ ಮೊಬೈಲ್ ಸಿಗ್ನಲ್ ಸಿಗಲ್ಲ. ಬಿರಿಯಾನಿ ತಟ್ಟೆ, ನೀರಿನ ಬಾಟಲಿ ಚೀಲದಲ್ಲೇ ಮರಳಿ ಬರಲಿ. ಇನ್ನೊಂದು ಮಾತು: ಗಂಡುಮಕ್ಕಳನ್ನಷ್ಟೇ ಕಳಿಸಿ ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂರಿಸಬೇಡಿ. ಮನೆಮಂದಿಯೆಲ್ಲ ಒಟ್ಟಿಗೆ ಹೊರಟರೆ ಉಮ್ಮನಿಗೂ ಹೊಳೆ ನೋಡಿದ ಹಾಗಾಗುತ್ತೆ, ಹುಡುಗರ ಮೇಲೂ ಒಂದು ಕಣ್ಣಿರುತ್ತೆ.