ಕೈಗೆ ಕಸುಬು, ಬಾಯಿಗೆ ಮಾತು



ನಿಮ್ಮ ಮನೆಗೆ ಎಲೆಕ್ಟ್ರಿಷಿಯನ್ ಹುಡುಗನೊಬ್ಬ ಬಂದಿದ್ದಾನೆ ಎಂದಿಟ್ಟುಕೊಳ್ಳಿ. ಹೊಸ ಗೀಸರನ್ನು ಅಲ್ಲೇ ಇರುವ 6 ಆಂಪಿಯರ್ ಸಾಕೆಟ್ಟಿಗೆ ಜೋಡಿಸಿಬಿಡಪ್ಪ ಎನ್ನುತ್ತೀರಿ. ಅದಕ್ಕೆ 16 ಆಂಪಿಯರ್ ಸಾಕೆಟ್ಟು, ದಪ್ಪ ತಂತಿ, ಸರಿಯಾದ ಅರ್ಥಿಂಗ್ ಬೇಕೆಂದು ಅವನಿಗೆ ಗೊತ್ತು. ಆದರೆ "ಬೇಡಮ್ಮ, ತಂತಿ ಕಾದು ಬೆಂಕಿ ಹತ್ತೀತು" ಎನ್ನಲು ನಾಲಿಗೆ ಏಳುವುದಿಲ್ಲ. ಹೇಳಿದಂತೆ ಮಾಡಿ ಹೋಗುತ್ತಾನೆ. ಅವನ ಕೈಗೆ ಕಲಿಸಿದವರು ಬಾಯಿಗೆ ಕಲಿಸಲಿಲ್ಲ.

ವೃತ್ತಿಶಿಕ್ಷಣ ನೀಡುವವರಿಗೆ ಇದು ತಿಳಿಯದ ವಿಷಯವೇನಲ್ಲ. ಐ.ಟಿ.ಐ.ಗಳಲ್ಲಿ ಈಗ 'ಎಂಪ್ಲಾಯಬಿಲಿಟಿ ಸ್ಕಿಲ್ಸ್' ಎಂಬ ವಿಷಯವಿದೆ. 2022ರ ಪರಿಷ್ಕೃತ ಪಠ್ಯದಲ್ಲಿ ಸಂವಹನ, ಗ್ರಾಹಕ ಸೇವೆ, ಹಣಕಾಸು ಮತ್ತು ಕಾನೂನಿನ ಅರಿವಿನ ಜೊತೆಗೆ ಸಂವಿಧಾನದ ಮೌಲ್ಯಗಳು, ಪೌರತ್ವ ಎಂಬ ಪಾಠವೂ ಸೇರಿದೆ. ನಮ್ಮ ಕರ್ನಾಟಕದಲ್ಲಂತೂ ಇದಕ್ಕೆ ಹಳೆಯ ಮಾದರಿಯೇ ಉಂಟು. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದೊಂದಿಗೆ 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ನಿರುದ್ಯೋಗಿ ಯುವಕ ಯುವತಿಯರಿಗೆ ಅಲ್ಲಿ ಊಟ, ವಸತಿ, ತರಬೇತಿ ಎಲ್ಲ ಉಚಿತ. ಕಸುಬಿನ ಜೊತೆಗೆ ಶ್ರಮದಾನ, ನಾಲ್ಕು ಜನರೆದುರು ನಿಂತು ಮಾತನಾಡುವುದು, ಬ್ಯಾಂಕಿನ ವ್ಯವಹಾರ ಇವೂ ದಿನಚರಿಯ ಭಾಗ. ಮುಂದೆ ಕೇಂದ್ರ ಸರ್ಕಾರ ಈ ಮಾದರಿಯನ್ನೇ ದೇಶದ ಇತರ ಜಿಲ್ಲೆಗಳಿಗೂ ವಿಸ್ತರಿಸಿತು.

ಆದರೆ ನಡೆನುಡಿಯ ಪಾಠವೆಂದರೆ ಬರೀ ನಮಸ್ಕಾರ, ನಯವಿನಯ ಎಂದೇ ನಮ್ಮಲ್ಲಿ ಅನೇಕರ ಭಾವನೆ. 'ಹೌದಮ್ಮ' ಎನ್ನುವುದನ್ನು ಎಲ್ಲರೂ ಕಲಿಸುತ್ತಾರೆ. 'ಆಗುವುದಿಲ್ಲ' ಎನ್ನುವುದನ್ನು ಕಲಿಸುವವರು ವಿರಳ. ಇದು ಪ್ರಾಣದ ಪ್ರಶ್ನೆಯೂ ಹೌದು. 2016ರ ಆಗಸ್ಟ್‌ನಲ್ಲಿ ನಮ್ಮ ಮಾದಾಪುರದ ಅಯ್ಯಪ್ಪ ಸೊಸೈಟಿಯ ಮ್ಯಾನ್‌ಹೋಲ್ ಒಂದರಲ್ಲಿ ವಿಷಾನಿಲಕ್ಕೆ ನಾಲ್ವರು ಬಲಿಯಾದರು. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿಗಾಗಲಿ ಸೆಪ್ಟಿಕ್ ಟ್ಯಾಂಕಿಗಾಗಲಿ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಆ ಕಾಯ್ದೆ ಬಂದು ಆಗಲೇ ಸುಮಾರು ಮೂರು ವರ್ಷವಾಗಿತ್ತು!

ಅಂದಿನ ಕೂಲಿಯನ್ನೇ ನಂಬಿದವನಿಗೆ ಒಲ್ಲೆ ಎನ್ನುವುದು ಸುಲಭವಲ್ಲ, ನಿಜ. ಆದ್ದರಿಂದಲೇ ಈ ಪಾಠದ ಅರ್ಧಭಾಗ ಕೆಲಸ ಹೇಳುವ ನಮಗೂ ಸೇರಿದ್ದು. ಅವನು ಅಪಾಯವೆಂದಾಗ ಏಕೆಂದು ಕೇಳೋಣ. "ನೀನಲ್ಲದಿದ್ದರೆ ಇನ್ನೊಬ್ಬ" ಎಂದು ಫೋನ್ ಎತ್ತಿಕೊಳ್ಳುವುದು ಬೇಡ. ಫ್ಲ್ಯಾಟುಗಳ ಸಂಘದಲ್ಲಿ ಟ್ಯಾಂಕ್ ಶುಚಿಗೊಳಿಸುವ ಮಾತು ಬಂದಾಗ, ಯಂತ್ರವೋ ಮನುಷ್ಯನೋ ಎಂದು ಎದ್ದು ನಿಂತು ಕೇಳೋಣ.

ನಮ್ಮ ಮಗ್ಗುಲಲ್ಲೇ, ಹೈಟೆಕ್ಸ್ ಬಳಿ, 1998ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ನಿರ್ಮಾಣ ಅಕಾಡೆಮಿಯಿದೆ. ಗಾರೆ, ಪ್ಲಂಬಿಂಗ್, ವೈರಿಂಗ್ ಕೆಲಸಗಳನ್ನು ಅಲ್ಲಿ ಕಲಿಸುತ್ತಾರೆ. ಇನ್ನು ರಾಯಚೂರು, ಯಾದಗಿರಿ, ಕಲಬುರಗಿ ಕಡೆಗಳಿಂದ ಕಟ್ಟಡದ ಕೆಲಸಕ್ಕೆ ಬರುವ ನಮ್ಮ ಹುಡುಗರು ಬಹುಪಾಲು ಯಾವ ತರಬೇತಿಯನ್ನೂ ಕಾಣದವರು. ನಮ್ಮ ಸಂಘದಲ್ಲಿ ವಕೀಲರಿದ್ದಾರೆ, ಬ್ಯಾಂಕಿನವರಿದ್ದಾರೆ, ಇಂಜಿನಿಯರುಗಳಿದ್ದಾರೆ. ತಿಂಗಳಿಗೊಂದು ಭಾನುವಾರ ಎರಡು ಗಂಟೆ ಬಿಡುವು ಮಾಡಿಕೊಂಡು, ಕೂಲಿಯ ಲೆಕ್ಕ, ಬ್ಯಾಂಕ್ ಖಾತೆ, ಕೆಲಸದ ಸುರಕ್ಷತೆ, ಕಾನೂನು ಇಷ್ಟನ್ನು ಅವರದೇ ಕನ್ನಡದಲ್ಲಿ ಹೇಳಿಕೊಟ್ಟರೆ ಹೇಗೆ? ರಾಜ್ಯೋತ್ಸವವನ್ನು ವರ್ಷವರ್ಷವೂ ಆಚರಿಸುತ್ತೇವೆ. ಕನ್ನಡ ಇಂಥದ್ದಕ್ಕೂ ಒದಗಲಿ. ಚಹಾ, ಉಪ್ಪಿಟ್ಟಿನ ಹೊಣೆ ನಮ್ಮ ಮಹಿಳಾ ಸದಸ್ಯೆಯರದು. ಪಾಠ ಹೇಳಲು ಯಾರು ಬರುತ್ತೀರಿ, ತಿಳಿಸಿ.