ಆಟದ ವಿಮಾನ ತಾನೇ ಬೀಳೋದು ಯಾಕೆ?

ಹಲವರು ಸೇರಿ ಆಡುವ ಯುದ್ಧವಿಮಾನದ ಆಟ ಆಡಿದವರಿಗೆ ಇದು ಗೊತ್ತು. ಎದುರಾಳಿ ಮೇಲೇರಿದ ಎಂದು ನೀವೂ ವಿಮಾನದ ಮೂತಿ ಎತ್ತುತ್ತೀರಿ. ವೇಗ ಇಳಿಯುತ್ತದೆ, ವಿಮಾನ ನಡುಗುತ್ತದೆ, ಆಮೇಲೆ ಕಲ್ಲಿನಂತೆ ಬೀಳುತ್ತದೆ. ಗುಂಡು ಹೊಡೆದವರು ಯಾರೂ ಇಲ್ಲ! ಮತ್ತೆ ಬಿದ್ದದ್ದು ಯಾಕೆ?

ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೇ ನಿಯಮ. ಆದರೆ ರೆಕ್ಕೆಗೂ ಎದುರು ಬರುವ ಗಾಳಿಗೂ ನಡುವಿನ ಕೋನ, ಸಾಮಾನ್ಯ ರೆಕ್ಕೆಗಳಲ್ಲಿ ಸುಮಾರು 15 ಡಿಗ್ರಿ ದಾಟಿದರೆ, ರೆಕ್ಕೆಯ ಮೇಲ್ಭಾಗಕ್ಕೆ ಅಂಟಿ ಹರಿಯುತ್ತಿದ್ದ ಗಾಳಿ ಬಿಟ್ಟುಹೋಗಿ ಸುಳಿಯಾಗುತ್ತದೆ. ಎತ್ತುವ ಬಲ ಕುಸಿಯುತ್ತದೆ. ಇದಕ್ಕೆ ಸ್ಟಾಲ್‌ ಅಂತಾರೆ. ಎಂಜಿನ್‌ ಕೆಟ್ಟಿರಬೇಕು ಅಂತೇನಿಲ್ಲ, ನೆನಪಿಡಿ.

ಬೀಳುವಾಗ ಮೂತಿ ಎತ್ತಬೇಕು ಅಂತ ಎಲ್ಲರಿಗೂ ಅನಿಸುತ್ತದೆ. ಎತ್ತಿದರೆ ಕೋನ ಇನ್ನೂ ಹೆಚ್ಚುತ್ತದೆ. ಸರಿಯಾದ ದಾರಿ ಇದಕ್ಕೆ ವಿರುದ್ಧ: ಮೊದಲು ಮೂತಿ ತಗ್ಗಿಸಬೇಕು, ವೇಗ ಬಂದ ಮೇಲೆ ನಿಧಾನವಾಗಿ ಎತ್ತಬೇಕು. ಅದಕ್ಕೆ ಕೆಳಗೆ ಜಾಗ ಇರಬೇಕಲ್ಲ?

ಆಟದಲ್ಲಿ ಪಳಗಿದವರು ಮೊದಲು ಎತ್ತರ ಗಳಿಸೋದು ಅದಕ್ಕೇ. ಎತ್ತರ ಅಂದ್ರೆ ಕೂಡಿಟ್ಟ ಶಕ್ತಿ. ನಿಂತಲ್ಲಿಂದ 500 ಮೀಟರ್‌ ಬಿದ್ದ ವಸ್ತುವಿನ ವೇಗದ ವರ್ಗ 2 × 10 × 500 = 10,000. ಅಂದರೆ ಗಾಳಿಯ ತಡೆ ಬಿಟ್ಟರೆ ವೇಗ ಸೆಕೆಂಡಿಗೆ 100 ಮೀಟರ್‌, ಗಂಟೆಗೆ 360 ಕಿ.ಮೀ. ಸ್ಥಿತಿಶಕ್ತಿ ಚಲನಶಕ್ತಿ ಆಯ್ತು, ನೋಡ್ರಿ!

ನೆಲದ ಮೇಲೆ ಕೂತು ಹಾರಾಟ ಕಲಿಯೋದು ಹೊಸದೇನಲ್ಲ. ಅಮೆರಿಕದಲ್ಲಿ ಆರ್ಗನ್‌ ವಾದ್ಯ ತಯಾರಿಸುವ ಮನೆತನದ ಎಡ್ವಿನ್‌ ಲಿಂಕ್‌, 1929ರಲ್ಲಿ ವಾದ್ಯದ ತಿದಿಗಳನ್ನೇ ಬಳಸಿ ಅಲುಗಾಡುವ ಪುಟ್ಟ ವಿಮಾನ ಕಟ್ಟಿದರು. ಮೊದಲು ಕೊಳ್ಳುವವರು ಕಡಿಮೆ. 1934ರಲ್ಲಿ ಅಲ್ಲಿನ ಸೇನೆ ವಿಮಾನದಲ್ಲಿ ಅಂಚೆ ಸಾಗಿಸಲು ಹೋಗಿ, ಕೆಟ್ಟ ಹವೆಯಲ್ಲಿ ಹಲವು ಪೈಲಟ್‌ಗಳು ಸತ್ತರು. ಆಗ ಸೇನೆ ಲಿಂಕ್‌ ಯಂತ್ರ ಕೊಂಡಿತು. ಮೋಡದೊಳಗೆ ಮೈಯ ಅಂದಾಜು ನಂಬದೆ ಮೀಟರ್‌ ನೋಡಿ ಹಾರೋದನ್ನು ಅದು ಕಲಿಸಿತು.

ಹಾಗಾದ್ರೆ ಆಟ ಆಡಿದವರೆಲ್ಲ ಪೈಲಟ್ಟೇ? ಅಲ್ಲ. ವಾರ್‌ ಥಂಡರ್‌ ಎಂಬ ಆಟದ ಸುಲಭ ಮಟ್ಟದಲ್ಲಿ ನೀವು ಮೌಸ್‌ನಿಂದ ದಿಕ್ಕು ತೋರಿಸಿದರೆ ಸಾಕು, ರೆಕ್ಕೆ ಬಾಲಗಳ ಪಟ್ಟಿಗಳನ್ನು ಆಟವೇ ತಿರುಗಿಸುತ್ತದೆ. ಸಿಮ್ಯುಲೇಟರ್‌ ಮಟ್ಟದಲ್ಲಿ ಎಲ್ಲ ನಿಮ್ಮದೇ ಕೆಲಸ. ಅಲ್ಲೂ ನಿಮ್ಮ ಮೈಗೆ ಏನೂ ಆಗೋದಿಲ್ಲ. ನಿಜವಾದ ಯುದ್ಧವಿಮಾನ ರಭಸದಿಂದ ತಿರುಗಿ ಬಲ 9 ಜಿ ಮುಟ್ಟಿದರೆ, 50 ಕಿಲೋ ಮನುಷ್ಯನಿಗೆ ತಾನು 450 ಕಿಲೋ ಅನಿಸುತ್ತದೆ. ರಕ್ತ ಕಾಲಿನ ಕಡೆ ಇಳಿದು ಕಣ್ಣು ಕತ್ತಲಾಗುತ್ತದೆ. ಇದನ್ನು ತಾಳಿಕೊಳ್ಳುವ ತರಬೇತಿಗೆಂದೇ ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್‌ ಮೆಡಿಸಿನ್‌ ಸಂಸ್ಥೆಯಲ್ಲಿ ಗಿರಗಿರ ತಿರುಗಿಸುವ ಯಂತ್ರವಿದೆ. ಇನ್ನು ನಮ್ಮ ಮಾಗನೂರಿನ ಉತ್ತರಕ್ಕಿರುವ ಬೀದರ್‌ನ ವಾಯುನೆಲೆಯಲ್ಲಿ ಯುದ್ಧವಿಮಾನದ ಪೈಲಟ್‌ ಆಗುವವರು ಹಾಕ್‌ ಜೆಟ್‌ನಲ್ಲಿ ಕಲಿಯುತ್ತಾರೆ. ಅಲ್ಲಿ ಬಿದ್ದರೆ ಇನ್ನೊಂದು ಸಲ ಶುರು ಮಾಡುವ ಬಟನ್‌ ಇಲ್ಲ.

ಮಾಡಿ ನೋಡಿ: ಕಾಗದದ ವಿಮಾನ ಮಾಡಿ, ರೆಕ್ಕೆಯ ಹಿಂದಿನ ಅಂಚನ್ನು ಚೂರು ಜಾಸ್ತಿಯೇ ಮೇಲಕ್ಕೆ ಮಡಚಿ ಎಸೆಯಿರಿ. ಮೂತಿ ಎತ್ತಿ, ಗಕ್ಕನೆ ನಿಂತಂತಾಗಿ ಬೀಳುತ್ತದೆ. ಈಗ ಮೂತಿಗೆ ಒಂದು ಜೆಮ್‌ ಕ್ಲಿಪ್‌ ಸಿಕ್ಕಿಸಿ ಮತ್ತೆ ಎಸೆಯಿರಿ. ಎಷ್ಟು ಹೆಜ್ಜೆ ದೂರ ಹೋಯಿತು? ಕ್ಲಿಪ್‌ ಎರಡಾದರೆ? ಅಳೆದು ನೋಟ್‌ಬುಕ್ಕಿನಲ್ಲಿ ಬರೆದು, ಕಾರಣ ಏನಿರಬಹುದು ಅಂತ ನಿಮ್ಮ ವಿಜ್ಞಾನದ ಸರ್‌ ಅಥವಾ ಮೇಡಂ ಜೊತೆ ಚರ್ಚಿಸಿ.