ಲೆಕ್ಕದಿಂದ ರಸಾಯನ

ಅಕ್ಕಂದಿರೆ, ರಸಾಯನ ಅಂದ ಕೂಡಲೆ ನಮಗೆ ಏನು ನೆನಪಾಗುತ್ತದೆ? ಹೊಲಕ್ಕೆ ಹಾಕುವ ಗೊಬ್ಬರ. ಬೆಳೆಗೆ ಹೊಡೆಯುವ ಔಷಧಿ. ಗಾಜಿನ ಬಾಟಲಿ. ಕೈ ಸುಡುವ ಆಸಿಡ್ಡು.

ಆದರೆ ಹಾಳೆ, ಪೆನ್ನು, ಕಂಪ್ಯೂಟರ್ ಇಟ್ಟುಕೊಂಡು ರಸಾಯನ ವಿಜ್ಞಾನ ಮಾಡುವವರೂ ಇದ್ದಾರೆ. ಅವರ ಕೆಲಸ ಲೆಕ್ಕ ಮಾಡುವುದು. ಅಂಥ ಒಬ್ಬ ಪ್ರೊಫೆಸರರ ಹೆಸರು ಇ. ಡಿ. ಜೆಮ್ಮಿಸ್. ಅವರು ಏನು ಓದಿದರು? ಏನು ಕೆಲಸ ಮಾಡಿದರು? ತಿಳಿಯೋಣ.

ಕಣ್ಣಿಗೆ ಕಾಣದ ಕಣ

ರಾಯಬಾಗದ ಕಡೆ ಕಬ್ಬು ಬೆಳೆಯುತ್ತೇವೆ. ಕಬ್ಬಿನಿಂದ ಸಕ್ಕರೆ ಆಗುತ್ತದೆ. ಸಕ್ಕರೆಯ ಒಂದು ಹರಳನ್ನು ಒಡೆಯುತ್ತ, ಒಡೆಯುತ್ತ ಹೋದರೆ ಕೊನೆಗೆ ಕಣ್ಣಿಗೆ ಕಾಣದ ಒಂದು ಕಣ ಉಳಿಯುತ್ತದೆ. ಅದಕ್ಕೆ ಅಣು ಎನ್ನುತ್ತಾರೆ. ಅಣುವಿನ ಒಳಗೆ ಇನ್ನೂ ಸಣ್ಣ ಪರಮಾಣುಗಳು ಇರುತ್ತವೆ.

ಸಕ್ಕರೆಯ ಒಂದು ಅಣುವಿನಲ್ಲಿ 12 ಕಾರ್ಬನ್, 22 ಹೈಡ್ರೋಜನ್, 11 ಆಮ್ಲಜನಕ ಪರಮಾಣುಗಳಿವೆ. ಕೂಡಿಸಿ ನೋಡಿ, 45 ಆಯಿತು. ಇವನ್ನು ಒಂದಕ್ಕೊಂದು ಹಿಡಿದಿಡುವುದು ಎಲೆಕ್ಟ್ರಾನ್ ಎಂಬ ಇನ್ನೂ ಸಣ್ಣ ಕಣ. ಬಟ್ಟೆಯ ತುಂಡುಗಳನ್ನು ದಾರ ಹಿಡಿದಿಡುವುದಿಲ್ಲವೆ? ಹಾಗೆ.

ಕತ್ತರಿಸುವ ಮೊದಲು ಅಳತೆ

ಅಥಣಿಯಲ್ಲಿ ಚಪ್ಪಲಿ ಮಾಡುವವರು ಮೊದಲು ಚರ್ಮದ ಮೇಲೆ ಅಳತೆ ಹಾಕುತ್ತಾರೆ. ಆಮೇಲೆ ಕತ್ತರಿಸುತ್ತಾರೆ. ಯಾಕಂದರೆ ತಪ್ಪಿ ಕತ್ತರಿಸಿದರೆ ಚರ್ಮ ಹಾಳು, ದುಡ್ಡೂ ಹಾಳು.

ರಸಾಯನದಲ್ಲೂ ಇದೇ ಮಾತು. ಒಂದು ಹೊಸ ಔಷಧಿ ಮಾಡಬೇಕು ಅನ್ನಿ. ಯಾವ ಅಣು ರೋಗದ ಜಾಗಕ್ಕೆ ಹೋಗಿ ಕೂರುತ್ತದೆ? ಕೀಲಿಗೆ ಕೀಲಿಕೈ ಹೊಂದಬೇಕಲ್ಲ! ಎಲ್ಲವನ್ನೂ ಮಾಡಿ ನೋಡಲು ಬಹಳ ಖರ್ಚು, ಬಹಳ ವರ್ಷ ಬೇಕು. ಅದಕ್ಕೆ ಮೊದಲು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಹೊಂದಬಹುದು ಅನ್ನಿಸಿದ್ದನ್ನು ಆರಿಸಿ, ಪ್ರಯೋಗಶಾಲೆಯಲ್ಲಿ ಮಾಡಿ ನೋಡುತ್ತಾರೆ. ಇಂಥ ಲೆಕ್ಕದ ದಾರಿ ತೋರಿಸಿದ್ದಕ್ಕೆ 1998ರಲ್ಲಿ ಜಾನ್ ಪೋಪಲ್ ಮತ್ತು ವಾಲ್ಟರ್ ಕೋನ್ ಎಂಬ ವಿಜ್ಞಾನಿಗಳಿಗೆ ನೊಬೆಲ್ ಬಹುಮಾನ ಬಂತು.

ಕೇರಳದಿಂದ ಬೆಂಗಳೂರಿಗೆ

ಜೆಮ್ಮಿಸ್ ಹುಟ್ಟಿದ್ದು 1951ರಲ್ಲಿ, ಕೇರಳದ ತ್ರಿಶ್ಶೂರ್ ಜಿಲ್ಲೆಯಲ್ಲಿ. ಬಿ.ಎಸ್ಸಿ. ಓದಿದ್ದು ಕೇರಳದಲ್ಲೇ. ಎಂ.ಎಸ್ಸಿ. ಓದಲು ಉತ್ತರದ ಕಾನ್ಪುರಕ್ಕೆ ಹೋದರು. ಅಲ್ಲಿಂದ ಅಮೆರಿಕದ ಪ್ರಿನ್ಸ್‌ಟನ್‌ಗೆ ಹೋಗಿ 1978ರಲ್ಲಿ ಪಿಎಚ್.ಡಿ. ಮುಗಿಸಿದರು. ಪಿಎಚ್.ಡಿ. ಅಂದರೆ ಇದುವರೆಗೆ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿಯನ್ನು ಹುಡುಕಿ, ಅದನ್ನು ಬರೆದು ಪಡೆಯುವ ಪದವಿ. ಆಮೇಲೆ ಕಾರ್ನೆಲ್ ಎಂಬಲ್ಲಿ ರೋಲ್ಡ್ ಹಾಫ್‌ಮನ್ ಎಂಬ ಗುರುವಿನ ಜೊತೆ ಕೆಲಸ ಕಲಿತರು.

1980ರಲ್ಲಿ ದೇಶಕ್ಕೆ ಮರಳಿ ಹೈದರಾಬಾದ್ ವಿಶ್ವವಿದ್ಯಾಲಯ ಸೇರಿದರು. ಪ್ರೊಫೆಸರ್ ಆದದ್ದು 1990ರಲ್ಲಿ. 1994ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು. 2005ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 2008ರಲ್ಲಿ ತಿರುವನಂತಪುರದಲ್ಲಿ ಸರಕಾರ ಹೊಸ ವಿಜ್ಞಾನ ಸಂಸ್ಥೆ ತೆರೆಯಿತು. ಅದರ ಮೊದಲ ನಿರ್ದೇಶಕರು ಇವರೇ. 2014ರಲ್ಲಿ ಪದ್ಮಶ್ರೀ ಸಿಕ್ಕಿತು.

12 ಮೂಲೆಯ ಗೂಡು

ಅಕ್ಕಸಾಲಿಗರು ಬೆಸುಗೆಗೆ ಬಿಳಿಗಾರ ಬಳಸುತ್ತಾರೆ. ಹುಡುಗರು ಕೇರಂ ಹಲಗೆಗೆ ಬೋರಿಕ್ ಪುಡಿ ಹಾಕುತ್ತಾರೆ. ಎರಡರಲ್ಲೂ ಬೋರಾನ್ ಎಂಬ ಮೂಲವಸ್ತು ಇದೆ. ಬೋರಾನ್ ಪರಮಾಣುಗಳು ಗೂಡು ಕಟ್ಟಿಕೊಳ್ಳುತ್ತವೆ. ಒಂದೊಂದು ಗೂಡಿಗೆ 12 ಮೂಲೆ ಇರಬಹುದು. ಗೂಡು ಗಟ್ಟಿಯಾಗಿ ನಿಲ್ಲಲು ಎಷ್ಟು ಜೋಡಿ ಎಲೆಕ್ಟ್ರಾನ್ ಬೇಕು?

ಚುಕ್ಕಿ ರಂಗೋಲಿ ನೆನೆಸಿಕೊಳ್ಳಿ. ಚುಕ್ಕಿ ಒಂದು ಹೆಚ್ಚು ಕಡಿಮೆ ಆದರೂ ಗೆರೆ ಕೂಡುವುದಿಲ್ಲ. ಇಲ್ಲಿಯೂ ಹಾಗೆ. ಒಂದು ಗೂಡು, 12 ಮೂಲೆ. 1ಕ್ಕೆ 12 ಕೂಡಿಸಿದರೆ 13 ಜೋಡಿ ಬೇಕು. ಈ ಲೆಕ್ಕ ಮೊದಲೇ ಗೊತ್ತಿತ್ತು. ಆದರೆ ಗೂಡಿಗೆ ಗೂಡು ಸೇರಿದರೆ?

ಎರಡು ಗೂಡು ಒಂದೇ ಮೂಲೆಯಲ್ಲಿ ಸೇರಿವೆ ಅನ್ನಿ. ಆ ಮೂಲೆ ಎರಡಕ್ಕೂ ಸೇರಿದ್ದು. ಹಾಗಾಗಿ ಮೂಲೆಗಳು 24 ಅಲ್ಲ, 23. ಗೂಡು 2, ಮೂಲೆ 23, ಸೇರಿದ ಜಾಗ 1. ಕೂಡಿಸಿದರೆ 26 ಜೋಡಿ. ಈ ಲೆಕ್ಕದ ನಿಯಮವನ್ನು 2001ರಲ್ಲಿ ಜೆಮ್ಮಿಸ್ ಮತ್ತು ಜೊತೆಗಾರರು ಜಗತ್ತಿಗೆ ಹೇಳಿದರು. ನೋಡಿ, ದೊಡ್ಡ ವಿಜ್ಞಾನ. ಕೊನೆಗೆ ಬಳಸುವ ಲೆಕ್ಕ ಮಾತ್ರ ನೀವು ಕಲಿತ ಕೂಡಿಸುವ ಲೆಕ್ಕವೇ!

ಅಟ್ಟದ ಮೇಲಿನ ಪಾಠ

ಜೆಮ್ಮಿಸರ ಗುರು ಹಾಫ್‌ಮನ್ ಅವರದು ಬೇರೆ ಕತೆ. ಅವರು 1937ರಲ್ಲಿ ಪೋಲೆಂಡ್ ದೇಶದ ಯಹೂದಿ ಮನೆಯಲ್ಲಿ ಹುಟ್ಟಿದರು. ಆಗ ಮಹಾಯುದ್ಧ ಬಂತು. ಯಹೂದಿಗಳನ್ನು ಹುಡುಕಿ ಹುಡುಕಿ ಕೊಲ್ಲುತ್ತಿದ್ದ ಕಾಲ. ತಂದೆಯನ್ನು ಕೊಂದರು. ತಾಯಿ ಮಗನನ್ನು ಕರೆದುಕೊಂಡು ಒಂದು ಹಳ್ಳಿ ಶಾಲೆಯ ಅಟ್ಟದಲ್ಲಿ ಅಡಗಿದಳು. ಒಂದು ವರ್ಷಕ್ಕೂ ಹೆಚ್ಚು ಕಾಲ ಹೊರಗೆ ಬರುವಂತಿರಲಿಲ್ಲ. ಅಟ್ಟದಲ್ಲಿ ಭೂಗೋಳದ ಹಳೆ ಪುಸ್ತಕಗಳಿದ್ದವು. ತಾಯಿ ಅಲ್ಲೇ ಮಗನಿಗೆ ಓದಲು ಕಲಿಸಿದಳು. ಪುಸ್ತಕದಿಂದ ಪ್ರಶ್ನೆ ಕೇಳುತ್ತ ದಿನ ಕಳೆದಳು. ಆ ಹುಡುಗನಿಗೆ 1981ರಲ್ಲಿ ನೊಬೆಲ್ ಬಹುಮಾನ ಬಂತು.

ಮೊದಲ ಪಾಠ ಹೇಳಿದವಳು ತಾಯಿ. ಇದನ್ನು ಮರೆಯಬೇಡಿ.

ನಮ್ಮ ಹುಡುಗಿಯರಿಗೆ ಮೆಟ್ಟಿಲು

ನಮ್ಮ ಕಡೆ ಒಂದು ಮಾತು ಕೇಳುತ್ತೇವೆ: "ಹತ್ತನೇ ಆತಲ್ಲ, ಸಾಕ್ ಬಿಡ್ರಿ. ಮುಂದ ಓದಿ ಏನ್ ಮಾಡ್ತಾಳ?"

ಮುಂದೆ ಏನಿದೆ ಅಂತ ನಮಗೆ ಗೊತ್ತಿರಬೇಕು. ಗೊತ್ತಿದ್ದರೆ ಉತ್ತರ ಕೊಡಬಹುದು. ಕಾಗವಾಡದ ಹುಡುಗಿಗೂ ಚಿಕ್ಕೋಡಿಯ ಹುಡುಗಿಗೂ ಮೆಟ್ಟಿಲು ಒಂದೇ:

ಪಿಯುಸಿ ವಿಜ್ಞಾನ, 2 ವರ್ಷ.
ಬಿ.ಎಸ್ಸಿ., 3 ವರ್ಷ.
ಎಂ.ಎಸ್ಸಿ., 2 ವರ್ಷ.
ಆಮೇಲೆ ಪಿಎಚ್.ಡಿ., ಸುಮಾರು 5 ವರ್ಷ.

ಚಿಕ್ಕೋಡಿ, ನಿಪ್ಪಾಣಿ, ಅಥಣಿಯಲ್ಲಿ ವಿಜ್ಞಾನದ ಕಾಲೇಜುಗಳಿವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ರಸಾಯನದ ಎಂ.ಎಸ್ಸಿ. ಇದೆ. ಎಂ.ಎಸ್ಸಿ. ನಂತರ ನೆಟ್ ಎಂಬ ಪರೀಕ್ಷೆ ಇದೆ. ಅದರಲ್ಲಿ ಒಳ್ಳೆಯ ಅಂಕ ಪಡೆದು ಆಯ್ಕೆಯಾದವರಿಗೆ ಪಿಎಚ್.ಡಿ. ಮಾಡುವಾಗ ಸರಕಾರ ತಿಂಗಳು ತಿಂಗಳು ಶಿಷ್ಯವೇತನ ಕೊಡುತ್ತದೆ. ಆಗ ಓದುವ ಮಗಳು ಮನೆಗೆ ಭಾರ ಅಲ್ಲ.

ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಅಕ್ಕಂದಿರಿಗೆ ಸಾವಿರದ ಲೆಕ್ಕದಲ್ಲಿ ಕೂಲಿ. ಎಣಿಕೆ ತಪ್ಪಿದರೆ ನಷ್ಟ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಲೆಕ್ಕದ ಬೆಲೆ ಬಲ್ಲವರು ಮಗಳ ಲೆಕ್ಕದ ಪುಸ್ತಕ ಮುಚ್ಚಿಸಬಾರದು.

ಮಾತಾಡೋಣ

1. ಅಣು ಅಂದರೆ ಏನು? ಪರಮಾಣು ಅಂದರೆ ಏನು?
2. ಜೆಮ್ಮಿಸ್ ಕೆಲಸಕ್ಕೆ ಸೇರಿದ್ದು 1980. ಪ್ರೊಫೆಸರ್ ಆದದ್ದು 1990. ಎಷ್ಟು ವರ್ಷ ಹಿಡಿಯಿತು?
3. ನಿಮ್ಮ ಓಣಿಯಲ್ಲಿ ಹತ್ತನೇ ಇಯತ್ತೆಗೆ ಶಾಲೆ ಬಿಟ್ಟ ಹುಡುಗಿಯರು ಇದ್ದಾರೆಯೆ? ಯಾಕೆ ಬಿಟ್ಟರು? ಮತ್ತೆ ಸೇರಿಸಲು ಏನು ಮಾಡಬಹುದು?